ಬಾಮೈದನ ಹೊಟ್ಟೆ, ಬಾವನ ಹೆಸರು

ಚನ್ನಪ್ಪನಿಗೆ ಇಲ್ಲದಿದ್ದುದು ಹಾಲಿನ ಡೇರಿಯ ಅಧ್ಯಕ್ಷಗಿರಿ ಒಂದೇ. ಹಳ್ಳಿಮೈಸೂರು ಹೋಬಳಿಯ ಆ ಊರಲ್ಲಿ ಅವನಿಗೆ ಬೇಕಾದಷ್ಟು ಜಮೀನಿತ್ತು, ತಾರಸಿ ಮನೆಯಿತ್ತು, ಕಾರಿತ್ತು, ಕಂಡ ಕೂಡಲೇ ಬೀಡಿ ಹಿಂದಕ್ಕೆ ಮರೆಮಾಡುವ ಜನರಿದ್ದರು. ಹೊಟ್ಟೆಯೊಳಗೆ ಊದಿಕೊಂಡ ರಕ್ತನಾಳವೂ ಒಂದಿತ್ತು.

ಅದು ಸಿಕ್ಕಿದ್ದು ಕಿಡ್ನಿ ಕಲ್ಲು ಹುಡುಕುವಾಗ. ಬೆನ್ನುಮೂಳೆಯ ಮುಂದೆ ಇಳಿಯುವ ದೊಡ್ಡ ರಕ್ತನಾಳ ಎರಡು ಸೆಂಟಿಮೀಟರ್ ಅಗಲ ಇರಬೇಕಾದ್ದು ನಾಲ್ಕೂವರೆ ಆಗಿದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿನಲ್ಲಿ ಅಳೆಯೋಣ, ಐದೂವರೆ ಮುಟ್ಟಿದರೆ ಆಪರೇಷನ್, ಮೊದಲು ಬೀಡಿ ಬಿಡಿ ಎಂದು ಹಾಸನದ ಡಾಕ್ಟರು ಹೇಳಿದ್ದರು. ಎರಡನೇ ಸಲ ಅಳೆದಾಗ ಐದು ತೋರಿಸಿತು. ಮೂರು ತಿಂಗಳು ಬಿಟ್ಟು ಬನ್ನಿ, ತಪ್ಪಿಸಬೇಡಿ, ಒಡೆದರೆ ಇಲ್ಲಿಗೆ ಬಂದು ಮುಟ್ಟುವುದೇ ಕಷ್ಟ ಎಂದರು. ಎರಡು ಸಲವೂ ಜೊತೆಗೆ ಹೋಗಿ ಇದನ್ನೆಲ್ಲ ಕೇಳಿಸಿಕೊಂಡವನು ಹೆಂಡತಿಯ ತಮ್ಮ ಧರ್ಮೇಂದ್ರ.

ಧರ್ಮೇಂದ್ರ ಡೇರಿಯಲ್ಲಿ ಹಾಲಿನ ಫ್ಯಾಟು ನೋಡುತ್ತಿದ್ದ. ಗಂಡ ಸತ್ತ ಹೆಂಗಸರ ಹಾಲಿನಲ್ಲಿ ಒಂದು ಲೋಟ ನೀರು ಕಂಡರೂ ಎಲ್ಲರೆದುರು ಕ್ಯಾನು ವಾಪಸ್ಸು ಕಳಿಸುವಷ್ಟು ಸತ್ಯವಂತ. ಆ ಸತ್ಯ ಡೇರಿಯ ಹೊಸ್ತಿಲು ದಾಟುತ್ತಿರಲಿಲ್ಲ. ಕೆಲಸ ಕೊಡಿಸಿದವನು ಬಾವ.

ಡೇರಿಯ ಚುನಾವಣೆ ಬಂತು. ಹಾಸನದ ಆ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಎದುರಾಳಿ ರವೀಂದ್ರನ ಷಡ್ಡಕ. ಸುದ್ದಿ ಟೀ ಅಂಗಡಿಗೆ ತಲುಪಲು ಅಷ್ಟು ಸಾಕಾಯಿತು.

"ಚನ್ನಪ್ಪಣ್ಣಂಗೇ ಓಟಾಕಿ, ನಾನೇನ್ ಬ್ಯಾಡ ಅನ್ನಲ್ಲ," ಎನ್ನುತ್ತಿದ್ದ ರವೀಂದ್ರ. "ಒಟ್ಟೇಲಿ ಪಟಾಕಿ ಮಡೀಕಂಡವ್ರೆ ಅಷ್ಟೆ. ಗೆದ್ದಿದ್ ಊಟ, ತಿಥಿ ಊಟ ಎರ್ಡೂ ಒಂದೇ ಶಾಮಿಯಾನದಾಗೆ ಉಣ್ಬೋದು."

ಜನ ನಕ್ಕರು. ಚನ್ನಪ್ಪನಿಗೆ ಪಟಾಕಿಗಿಂತ ಆ ನಗುವೇ ದೊಡ್ಡದಾಗಿ ಕಂಡಿತು. ಮಾರನೆಯ ದಿನ ಬಾಮೈದನನ್ನು ಕಾರಿಗೆ ಹತ್ತಿಸಿಕೊಂಡು, ಯಾರೂ ಗುರುತು ಹಿಡಿಯದ ಚನ್ನರಾಯಪಟ್ಟಣಕ್ಕೆ ಹೋಗಿ, ಒಂದು ಸ್ಕ್ಯಾನಿಂಗ್ ಸೆಂಟರಿನ ಎದುರು ನಿಲ್ಲಿಸಿದ.

"ನೀನೋಗಿ ಮನೀಕೊ. ಎಸ್ರು ನಂದು ಏಳು."

"ಬಾವ, ಇದು..."

"ನಿನ್ ಒಟ್ಟೇನೇನ್ ಕುಯ್ದಾರೇನ್ಲಾ? ಲೋಳೆ ಬಳ್ದು ನೋಡ್ತಾರೆ, ಒರೆಸ್ತಾರೆ. ಓಗು."

ಧರ್ಮೇಂದ್ರ ಹೋಗಿ ಮಲಗಿದ. ತಣ್ಣನೆಯ ಲೋಳೆ ಹೊಟ್ಟೆಗೆ ಬಿತ್ತು. "ಚನ್ನಪ್ಪನವರೇ, ಉಸಿರು ಹಿಡಿದುಕೊಳ್ಳಿ," ಎಂದರು ಅಲ್ಲಿನ ಡಾಕ್ಟರಮ್ಮ. ಹಿಡಿದುಕೊಂಡ. ರಕ್ತನಾಳ ಸರಿಯಾಗಿ ಎರಡು ಸೆಂಟಿಮೀಟರ್ ಇತ್ತು. ನಾರ್ಮಲ್.

ಆ ರಿಪೋರ್ಟಿನ ಜೆರಾಕ್ಸು ಡೇರಿಯ ಗೋಡೆಗೆ ಬಿತ್ತು, ಊರಿನ ವಾಟ್ಸಾಪ್ ಗುಂಪಿಗೂ ಹೋಯಿತು. ಹಾಲು ಹಾಕಲು ಬಂದವರು ಓದಲು ಬಾರದಿದ್ದರೂ ನಿಂತು ನೋಡಿ ತಲೆದೂಗಿದರು. ಚನ್ನಪ್ಪ ಗೆದ್ದ.

ಅಲ್ಲಿಗೆ ಮುಗಿದಿದ್ದರೆ ಊರಿನ ನೂರು ಮೋಸಗಳಲ್ಲಿ ಅದೂ ಒಂದಾಗುತ್ತಿತ್ತು. ಆದರೆ ಚನ್ನಪ್ಪ ತನ್ನ ಸುಳ್ಳನ್ನು ತಾನೇ ನಂಬತೊಡಗಿದ. ಗೆದ್ದ ವಾರ ಬಾಮೈದನನ್ನು ನೋಡಿ ಕಣ್ಣು ಹೊಡೆಯುತ್ತಿದ್ದ. ಆಮೇಲೆ ಕಣ್ಣು ಹೊಡೆಯುವುದು ನಿಂತಿತು. ಮದುವೆ ಮನೆಗಳಲ್ಲಿ, "ಆಸನದೋರು ಸುಮ್ಸುಮ್ಕೆ ಎದ್ರಿಸ್ಬುಟ್ಟಿದ್ರು," ಎಂದು ಬೀಡಿ ಹಚ್ಚತೊಡಗಿದ. ಮೂರನೆಯ ಅಳತೆಯ ಗಡುವು ದಾಟಿತು. ಹೆಂಡತಿ ಮಾಯಮ್ಮ ಗೋಡೆಯ ರಿಪೋರ್ಟನ್ನು ನಿಜವೆಂದೇ ನಂಬಿ ಹರಕೆ ತೀರಿಸಿ ಬಂದವಳು, ಈ ಒಳ್ಳೆಯ ಸುದ್ದಿಯನ್ನು ಹಾಸನದ ಡಾಕ್ಟರಿಗೂ ಒಮ್ಮೆ ತೋರಿಸಿ ಬನ್ನಿ ಎಂದು ಇಬ್ಬರನ್ನೂ ಕಳಿಸಿದಳು.

ಕಾರಿನಲ್ಲಿ ಧರ್ಮೇಂದ್ರ ಗಂಟಲು ಸರಿಮಾಡಿಕೊಂಡ. "ಬಾವ, ಅದು ನನ್ನೊಟ್ಟೆ ಕಣಿ."

"ನಿನ್ನೊಟ್ಟೆ, ನನ್ನೊಟ್ಟೆ ಅಂತ ಏನ್ಲಾ? ಎಸ್ರು ಯಾರ್ದದೆ ಅದ್ರಾಗೆ?"

"ಎಸ್ರು ನಿಮ್ದೇಯ."

"ಮತ್ತೆ? ಅಧ್ಯಕ್ಷರ ರಿಪೋರ್ಟು ಸುಳ್ಳು ಅಂತೀಯ? ರವೀಂದ್ರನ್ ಕಡೆ ಸೇರ್ಕಂಡ?"

ಧರ್ಮೇಂದ್ರ ತಮಾಷೆಯೇನೋ ಎಂದು ಬಾವನ ಮುಖ ನೋಡಿದ. ತಮಾಷೆ ಇರಲಿಲ್ಲ.

ಹಾಸನದ ಡಾಕ್ಟರು ಹೊಸ ರಿಪೋರ್ಟನ್ನು ಬೆಳಕಿಗೆ ಹಿಡಿದರು. ಹಳೆಯ ಎರಡನ್ನೂ ತರಿಸಿ ಪಕ್ಕಕ್ಕಿಟ್ಟುಕೊಂಡರು.

"ಇದು ಕರಗೋ ಗಡ್ಡೆಯಲ್ಲ ಚನ್ನಪ್ಪನವರೇ. ಬೆಳೆಯುತ್ತೆ, ಇಲ್ಲಾ ಇದ್ದಷ್ಟೇ ಇರುತ್ತೆ. ಐದಿದ್ದದ್ದು ಎರಡಾಗಲ್ಲ. ಮಲಗಿ, ಈಗಲೇ ನೋಡಿಬಿಡ್ತೀನಿ."

"ಇವತ್ತಾಗಲ್ಲ ಸಾ. ಮೇಲಧಿಕಾರಿಗಳು ಡೇರಿಗೆ ಬತ್ತಾವ್ರೆ. ನಿಮ್ ಮಿಷನ್ನು ಅಳೇದಾಗದೆ, ಅಲ್ಲಿರೋದು ಒಸ್ದು. ಅದ್ಕೇ ಎಚ್ಚುಕಮ್ಮಿ ಬಂದದೆ."

ಡಾಕ್ಟರು ಅವನನ್ನು ಬಿಟ್ಟು ಬಾಮೈದನ ಕಡೆ ತಿರುಗಿದರು. "ನೀವು ಜೊತೇಲಿದ್ರಾ?"

"ಇದ್ದೆ ಸಾ."

"ಸ್ಕ್ಯಾನಿಗೆ ಮಲಗಿದ್ದು ಇವರೇ ತಾನೆ?"

ಬಾಯಿ ಬಿಡಲು ಇದಕ್ಕಿಂತ ಸಲೀಸಾದ ಜಾಗ ಧರ್ಮೇಂದ್ರನಿಗೆ ಸಿಗುವಂತಿರಲಿಲ್ಲ. ಇಲ್ಲ ಸಾ, ನಾನು ಎಂದರೆ ಸಾಕಿತ್ತು. ಬಾವ ಎದ್ದು ಪಂಚೆ ಸರಿಮಾಡಿಕೊಳ್ಳುತ್ತಾ, "ಏಳ್ಲಾ, ಯಾರು ಮನಿಕಂಡಿದ್ರು ಅಂತ," ಎಂದ. ಡೇರಿಯಲ್ಲಿ ಫ್ಯಾಟು ನೋಡಲು ಯಾರು ಬೇಕಾದರೂ ಸಿಗುತ್ತಾರೆ ಎಂಬುದು ಧರ್ಮೇಂದ್ರನಿಗೆ ಚೆನ್ನಾಗಿ ಗೊತ್ತಿತ್ತು.

"ಅವ್ರೇಯ ಸಾ."

ಡಾಕ್ಟರು ಚೀಟಿಯಲ್ಲಿ ಮತ್ತೆ ಸ್ಕ್ಯಾನ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಚನ್ನಪ್ಪ ಆ ಚೀಟಿಯನ್ನು ಮಡಿಸಿ ಹಲ್ಲಿನ ಸಂದಿ ಕೆದಕಿಕೊಂಡ.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಅವನಿಗೆ ಸೊಂಟದ ಹಿಂದೆ ನೋವು ಕಾಣಿಸಿತು. ಉಳುಕು ಎಂದರು ಕೆಲವರು, ಗ್ಯಾಸು ಎಂದರು ಕೆಲವರು. ಎಣ್ಣೆ ಹಚ್ಚಿದರು, ಸೋಡಾ ಕುಡಿಸಿದರು. ಏನೆಂದು ಗೊತ್ತಿದ್ದವನು ಒಬ್ಬನೇ, ಅವನು ಸೋಡಾ ಬಾಟಲಿ ಹಿಡಿದು ನಿಂತಿದ್ದ. ಚನ್ನಪ್ಪ ಬೆವತು ಬಿಳುಚಿಕೊಂಡಾಗ ಕಾರು ಹೊರಟಿತು. ಹೊಳೆನರಸೀಪುರ ದಾಟಿತು, ಹಾಸನ ಬರುವಷ್ಟರಲ್ಲಿ ಉಸಿರಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಮಾಯಮ್ಮ ಡಾಕ್ಟರನ್ನು ಕೇಳಿದಳು. "ನಾರ್ಮಲ್ ಅಂತ ಬಂದಿತ್ತಲ್ಲ ಸಾ?"

"ಅದು ಇವರ ಹೊಟ್ಟೆ ಅಲ್ಲಮ್ಮ. ಆಗೋಕೆ ಸಾಧ್ಯವೇ ಇಲ್ಲ. ಬೇರೆ ಯಾರೋ ಮಲಗಿದ್ದಾರೆ."

ಅವಳು ತಮ್ಮನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ನೀನಾ?"

"ಬಾವನೇ ಏಳಿದ್ದು ಅಕ್ಕ."

"ಅವ್ರು ಏಳಿದ್ರು. ನೀನು ನಂಗೊಂದ್ ಮಾತು ಏಳ್ಬೋದಾಗಿತ್ತು," ಎಂದಳು. "ಇನ್ನು ನಮ್ಮನೆ ತಾವ ಬರ್ಬ್ಯಾಡ."

ಮರುಚುನಾವಣೆಯಲ್ಲಿ ರವೀಂದ್ರ ಅವಿರೋಧವಾಗಿ ಆಯ್ಕೆಯಾದ, ಫ್ಯಾಟು ನೋಡಲು ತನ್ನ ಷಡ್ಡಕನ ಮಗನನ್ನು ಹಾಕಿಕೊಂಡ.

ಹೋದದ್ದು ಅರವತ್ತೆರಡು ವರ್ಷದ ಒಬ್ಬ ಮನುಷ್ಯ, ಒಬ್ಬಳು ಅಕ್ಕ, ಒಂದು ಕೆಲಸ.