ಕ್ಷೌರಿಕನ ಕೈ ಎಲ್ಲಿ?

ಅವಳು ಬರೆದ ಪೆನ್ಸಿಲಿನ ಮಾದರಿ ಚಿತ್ರ ಸಂಜೆಯೊಳಗೆ ಸಂಪಾದಕಿಗೆ ಹೋಗಬೇಕಿತ್ತು. ಹಿಡಿಸಿದರೆ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸವೆಲ್ಲ ಅವಳಿಗೆ, ಇಲ್ಲದಿದ್ದರೆ ಬೇರೆ ಯಾರಿಗೋ. ಕಥೆ ಕರಡಿಗೆ ಕ್ಷೌರ ಮಾಡುವವನದು. ಅಂಗಡಿ, ಕನ್ನಡಿ, ಕುರ್ಚಿ ತುಂಬ ಕರಡಿ, ಅದರ ಹಿಂದೆ ನಗುವ ಕ್ಷೌರಿಕ, ಸರದಿಗೆ ಕಾಯುವ ಜನ, ಎಲ್ಲ ಬಂದಿತ್ತು. ಆದರೂ ಒಳಗೆ ಏನೋ ಚುಚ್ಚುತ್ತಲೇ ಇತ್ತು.

ಅಮ್ಮನಿಗೆ ತೋರಿಸಿದಳು. ಅಮ್ಮ ಬಟ್ಟೆ ಮಡಚುತ್ತಾ "ಚೆನ್ನಾಗಿದೆ ಕಣೇ" ಅಂದಳು, ಕಣ್ಣು ಬಟ್ಟೆಯ ಮೇಲೆಯೇ ಇತ್ತು. ತಮ್ಮ ಫೋನಿನಿಂದ ಅರ್ಧ ತಲೆ ಎತ್ತಿ "ಸೂಪರ್ ಅಕ್ಕ" ಅಂದ. ಹೊಗಳಿಕೆ ಸಿಕ್ಕಿತು, ಹಸಿವು ಹೋಗಲಿಲ್ಲ.

ಉಳಿದವಳು ಮಹಡಿ ಮೇಲಿನ ಚಿಕ್ಕಮ್ಮ. ಕೈಚೀಲ ಹೊಲಿಯುವವಳು, ನಾಲಿಗೆಯೂ ಸೂಜಿಯೇ. ಅವಳಿಗೆ ಚಿತ್ರ ತೋರಿಸುವುದೆಂದರೆ ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ. ಅರ್ಧ ಮೆಟ್ಟಿಲು ಹತ್ತಿ ವಾಪಸ್ ಬಂದಳು. ಮತ್ತೆ ಹತ್ತಿದಳು.

"ಚೆನ್ನಾಗಿದೆಯಾ ಅಂತ ಕೇಳಲ್ಲ ಚಿಕ್ಕಮ್ಮ. ಏನು ಕಾಣಿಸುತ್ತೆ ಹೇಳು, ಸಾಕು."

ಚಿಕ್ಕಮ್ಮ ಮಷಿನ್ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡಳು. "ಕರಡಿ ಕೂತಿದೆ. ಹಿಂದೆ ಒಬ್ಬ ಅವಿತುಕೊಂಡಿದ್ದಾನೆ. ಕಳ್ಳನಾ?"

"ಕ್ಷೌರ ಮಾಡೋನು."

"ಯಾವುದರಲ್ಲಿ ಮಾಡ್ತಾನೆ, ಮೂಗಲ್ಲಾ? ಕೈ ಎಲ್ಲಿ? ಬಾಗಿಲಲ್ಲಿ ಕಾಯೋನ ಕೈ ಜೇಬಲ್ಲಿ, ಈ ಹೆಂಗಸಿನ ಕೈ ಶಾಲಿನೊಳಗೆ. ಇಡೀ ಊರಿಗೇ ಚಳಿ ಹಿಡಿದಿದೆಯೇನೇ?"

ಇವಳ ಮುಖ ಬಿಸಿಯಾಯಿತು. ಆಮೇಲೆ ತಡೆಯಲಾಗದೆ ನಗು ಬಂತು. ಕೈ ಬರೆಯಲು ಹೋದರೆ ಬೆರಳೆಲ್ಲ ಗೆಣಸಾಗುತ್ತಿದ್ದವು. ಅದಕ್ಕೇ ಎಷ್ಟೋ ಕಾಲದಿಂದ ಇವಳ ಚಿತ್ರದ ಜನರೆಲ್ಲ ಜೇಬು, ಶಾಲು, ಬೇಲಿ ಹುಡುಕಿಕೊಂಡೇ ನಿಲ್ಲುತ್ತಿದ್ದರು.

"ನನಗೆ ಕೈ ಬರಲ್ಲ."

"ಬಚ್ಚಿಟ್ಟರೆ ಬಂದುಬಿಡುತ್ತಾ? ಕೂತ್ಕೋ, ನನ್ನ ಕೈ ನೋಡ್ಕೊಂಡು ಬರಿ. ಅಲ್ಲಾಡಬೇಡ ಅಂತ ಮಾತ್ರ ಹೇಳಬೇಡ, ನನಗೆ ಕೆಲಸ ಇದೆ."

ಚಿಕ್ಕಮ್ಮ ಕತ್ತರಿ ಎತ್ತಿಕೊಂಡಳು. ಇವಳು ಬರೆದಳು, ಅಳಿಸಿದಳು, ಬರೆದಳು. ಮೊದಲ ಕೈ ಕಪ್ಪೆಯಾಯಿತು, ಆಮೇಲಿನದು ಕೈಗವಸು. ಚಿಕ್ಕಮ್ಮ ಬಗ್ಗಿ ನೋಡಿ, "ಪರವಾಗಿಲ್ಲ, ಪ್ರಾಣಿ ಹೋಗಿ ಬಟ್ಟೆ ಆಯ್ತು" ಅಂದಳು. ಬಿಸಿಲು ವಾಲುವ ಹೊತ್ತಿಗೆ, ಗೆಣ್ಣು ಉಬ್ಬಿದ, ಕತ್ತರಿ ಹಿಡಿದ ಬಲಗೈ ಒಂದು ಬಂತು. ಕರಡಿಯನ್ನು ಪಕ್ಕಕ್ಕೆ ತಿರುಗಿಸಿ, ಕ್ಷೌರಿಕನನ್ನು ಮುಂದೆ ಎಳೆದು, ಆ ಕೈ ಅವನಿಗೆ ಕೊಟ್ಟಳು. ಬಾಚಣಿಗೆ ಹಿಡಿದ ಎಡಗೈಯನ್ನು ಅವಸರದಲ್ಲಿ ಗೀಚಿದಳು.

ಕಳಿಸುವಾಗ "ಹೇಗಿದೆ?" ಅಂತ ಬರೆದು ಅಳಿಸಿದಳು. "ನನಗೆ ಕೈ ಬರೆಯುವುದು ಕಷ್ಟ. ಕೈಗಳನ್ನೇ ನೋಡಿ ಹೇಳಿ" ಅಂತ ಬರೆದಳು.

ಸ್ವಲ್ಪ ಹೊತ್ತಿಗೆ ಸಂಪಾದಕಿಯ ಫೋನೇ ಬಂತು. "ಎಡಗೈ ಸೌತೆಕಾಯಿ ಥರ ಇದೆ, ಇನ್ನೊಮ್ಮೆ ಬರೀರಿ. ಬಲಗೈ ನೋಡಿದ್ರೆ ನಾನೇ ಹೋಗಿ ಕುರ್ಚಿ ಮೇಲೆ ಕೂರೋಣ ಅನ್ನಿಸ್ತು. ಉಳಿದ ಪುಟ ಯಾವಾಗ ಕೊಡ್ತೀರಿ?"

ದಿನ ಹೇಳಿ ಫೋನಿಟ್ಟವಳು ಪೆನ್ಸಿಲ್ ಹೆರೆದುಕೊಂಡು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು.

"ಚಿಕ್ಕಮ್ಮ, ಎಡಗೈ ಸ್ವಲ್ಪ ಬೇಕಿತ್ತು."