ಬಸ್ ಸ್ಟಾಪಿನಲ್ಲಿ ನಿಂತ ಚೆನ್ನಮ್ಮ

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ನಾನು ಚೀಲ ಹೊಲಿಯುವವನು. ಕೇರಳದ ಲಾರಿಗೆ ತುಂಬುವ ಮೊದಲು ಚೀಲದ ಬಾಯಿಗೆ ದಬ್ಬಳ ಹಾಕುವುದು ನನ್ನ ಕೆಲಸ. ಮಧ್ಯಾಹ್ನ ಊಟ ಮುಗಿಸಿ ಪುಟ್ಟಮಲ್ಲಪ್ಪ ಬರುತ್ತಿದ್ದ. ಬಂಡೀಪುರದಲ್ಲಿ ಫಾರೆಸ್ಟ್ ವಾಚರ್ ಆಗಿ ರಿಟೈರಾದವನು. ಕೈಯಲ್ಲಿ ಸದಾ ಲೈಬ್ರರಿಯ ಒಂದು ಪುಸ್ತಕ. ಹಿಂದಿನ ದಿನ ಎಷ್ಟು ಓದಿದ್ದನೋ ಅಷ್ಟನ್ನು ಖಾಲಿ ಚೀಲದ ಮೇಲೆ ಕೂತು ನನಗೆ ಹೇಳುವನು. ನಾನು ಹೊಲಿಯುತ್ತಾ ಹೂಂ ಅನ್ನಬೇಕು. ನಮ್ಮ ಕಡೆ ಹೂಂಗುಟ್ಟುವವರಿಲ್ಲದೆ ಕತೆ ಮುಂದಕ್ಕೆ ಹೋಗುವುದಿಲ್ಲ.

ಉಂಡ ಹೊತ್ತು, ನನಗೆ ತೂಕಡಿಕೆ. ಅವನು ತಟ್ಟನೆ ನಿಲ್ಲಿಸುತ್ತಿದ್ದ.

“ಏನ್ಲಾ ಮಾದಯ್ಯ, ಗ್ವಾಡೆಗೆ ಯೋಳ್ತಾ ಇದ್ದನಾ ನಾನು?”

“ಕೇಳ್ತಾ ಇವ್ನಿ, ಯೋಳು ಕಣ.”

“ಅಂಗಾರೆ ಈಗ ಏನಂದೆ?”

“ನೀ ಏನಂದ್ರೂ ನಾ ಹೂಂ ಅಂದೆ ಬುಡು.”

ಕೊನೆಗೆ ಅವನು ಓದುತ್ತಿದ್ದದ್ದು ಮನೆ ಪಾಲು ಮಾಡಿಕೊಳ್ಳುವ ಅಣ್ಣತಮ್ಮಂದಿರ ಕತೆ. ನನಗೆ ಅವರಿಬ್ಬರೂ ಬೇಡವಾಗಿದ್ದರು. ನನಗೆ ಬೇಕಾದವಳು ಆ ಮನೆಯ ಅಡುಗೆಯ ಚೆನ್ನಮ್ಮ. “ಗ್ವಾಡೆ ಎಬ್ಬುಸ್ಕಳಿ, ಒಲೆ ಯಾರ ಪಾಲ್ಗೆ ಅಂತ ಮೊದ್ಲು ಯೋಳ್ಬುಡಿ” ಎಂದು ಯಜಮಾನರ ಮುಖಕ್ಕೇ ಅಂದವಳು. ಒಂದು ಬೆಳಗ್ಗೆ ಅವಳು ಗಂಟು ಕಟ್ಟಿಕೊಂಡು ತವರಿಗೆ ಹೊರಟಳು. ಬಸ್ ಸ್ಟಾಪಿನಲ್ಲಿ ನಿಂತಳು. ದೂರದಲ್ಲಿ ಧೂಳು ಎದ್ದಿತು.

“ಬಸ್ ಅತ್ತುದ್ಲಾ?” ಎಂದೆ.

“ನಾಳೆ” ಎಂದು ಪುಟ್ಟಮಲ್ಲಪ್ಪ ಎದ್ದ. ಗಂಟಲು ಕಟ್ಟಿತ್ತು. ಬಹಳ ದಿನದಿಂದ ಕಟ್ಟಿಯೇ ಇತ್ತು.

ಆ ನಾಳೆ ಬರಲಿಲ್ಲ. ಮೈಸೂರಿನಲ್ಲಿ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ನೋಡಲು ಹೋದಾಗ ಅವನ ಹೆಂಡತಿ ಶಿವಮ್ಮ ಆ ಪುಸ್ತಕ ತಂದು ನನ್ನ ಕೈಗಿಟ್ಟಳು. “ನೀನೇ ಓದ್ಕಬೇಕಂತೆ ಮಾದಣ್ಣ. ಆವತ್ತಿಂದ ಕೈಸನ್ನೆ ಮಾಡ್ತಾನೇ ಅವ್ರೆ.”

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಬಸ್ಸಿನ ಬೋರ್ಡು ಓದುತ್ತೇನೆ, ಅಷ್ಟೇ. ಆದರೂ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಬೇಸಿಗೆ ಕಳೆದು ಮಳೆ ಹಿಡಿಯಿತು. ಅಣ್ಣ ಸಿಕ್ಕ, ತಮ್ಮ ಸಿಕ್ಕ, ವಕೀಲರೂ ಸಿಕ್ಕರು. ಗೋಡೆ ಎದ್ದಿತು, ಪುಸ್ತಕ ಮುಗಿಯಿತು. ಚೆನ್ನಮ್ಮ ಸಿಗಲಿಲ್ಲ. ನಾನೇ ಬಿಟ್ಟೆನೇನೋ ಎಂದು ಮತ್ತೆ ಮೊದಲಿಂದ ಹುಡುಕಿದೆ. ಆ ಮನೆಯಲ್ಲಿ ಅಡುಗೆಯವಳೇ ಇರಲಿಲ್ಲ.

ಪುಸ್ತಕ ಹಿಡಿದು ಅವನ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದ, ಕತ್ತಿಗೆ ಬಟ್ಟೆ ಸುತ್ತಿತ್ತು.

“ಚೆನ್ನಮ್ಮ ಎಲ್ಲವ್ಳಲಾ?”

ಅವನ ಭುಜ ಕುಣಿಯಿತು. ನಗುತ್ತಿದ್ದ, ಸದ್ದಿಲ್ಲದೆ. ಬೆರಳಲ್ಲಿ ತನ್ನ ಎದೆ ತೋರಿಸಿದ.

ಹಾಗಾದರೆ ಹಿಂದಿನ ಪುಸ್ತಕದಲ್ಲಿ ಎಮ್ಮೆಗೆ ಬುದ್ಧಿ ಹೇಳುತ್ತಿದ್ದ ಮುದುಕ? ಅದಕ್ಕೂ ಹಿಂದಿನದರಲ್ಲಿ ಲಾರಿ ನಿಲ್ಲಿಸಿ ಅತ್ತ ಡ್ರೈವರ್? ಕೇಳುತ್ತಾ ಹೋದೆ, ಅವನು ತಲೆಯಾಡಿಸುತ್ತಾ ಹೋದ. ನನಗೆ ನೆನಪಿದ್ದವರೆಲ್ಲ ಅವನವರೇ, ಪುಸ್ತಕದವರಲ್ಲ. ತೂಕಡಿಸುತ್ತಾ ಬರೀ ಹೂಂ ಅಂದ ಮಧ್ಯಾಹ್ನಗಳಲ್ಲಿ ಇನ್ನೆಷ್ಟು ಜನ ಬಂದು ಹೋಗಿದ್ದರೋ! ಅವರನ್ನು ಈಗ ಯಾವ ಪುಸ್ತಕದಲ್ಲಿ ಹುಡುಕಲಿ?

“ಬಸ್ ಅತ್ತುದ್ಲಾ, ಇಲ್ವಾ? ಅಷ್ಟ ಬರ್ದಾರೂ ತೋರ್ಸಲಾ.” ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ಸಿಲು ಕೊಟ್ಟೆ.

ಬಹಳ ಹೊತ್ತು ಹಾಳೆ ನೋಡಿದ. ಬರೆದ, ಹೊಡೆದು ಹಾಕಿದ. ಮತ್ತೆ ಬರೆದು ನನ್ನ ಕಡೆ ತಳ್ಳಿದ. ಅಕ್ಷರ ಕೂಡಿಸಿ ಓದಿದೆ: ‘ಬಾಯಲ್ಲೇ ಬರೋದು ಕಣ್ಲಾ ಅದು.’

ಶಿವಮ್ಮ ಕಾಫಿ ತಂದಿಟ್ಟಳು. ಅವನು ಲೋಟ ಸರಿಸಿ, ಮಂಡಿಯ ಚೀಲದ ಮೇಲೆ ಕೂರುತ್ತಿದ್ದ ಹಾಗೆ ಕಾಲು ಮಡಚಿ ಕೂತ. ತುಟಿ ಅಲ್ಲಾಡತೊಡಗಿತು. ಕೈ ಎತ್ತಿ ದೂರ ತೋರಿಸಿದ, ಗಂಟು ಎತ್ತಿಕೊಂಡವನಂತೆ ತೋಳು ಮಡಚಿದ. ಬರೀ ಉಸಿರು ಬರುತ್ತಿತ್ತು. ನನಗೆ ಒಂದು ಮಾತೂ ತಿಳಿಯಲಿಲ್ಲ. ಅವನ ಬಾಯಿಂದ ಕಣ್ಣು ತೆಗೆಯದೆ ಹೂಂ ಅಂದೆ. ಅವನು ಮುಂದುವರಿಸಿದ. ಮತ್ತೆ ಹೂಂ ಅಂದೆ.