ಪೊರೆ ಕೇಳಿಸಿಕೊಳ್ಳದ ಮಾತು

ಏನು ನಗೆ ಅದು, ಹಲ್ಲುಜ್ಜುವ ಪೇಸ್ಟಿನ ಜಾಹೀರಾತಿನ ನಗೆ, ಔಷಧ ಕಂಪನಿಯ ಮೂವರು ಒಳಗೆ ಕಾಲಿಟ್ಟಾಗಿನಿಂದ ನಮ್ಮ ದೊರೆಯ ತುಟಿ ಮುಚ್ಚಿಯೇ ಇಲ್ಲ — ದೊರೆ ಅಂತ ಹೆಸರಿಟ್ಟವಳು ನಾನೇ, ಈಗ ಪ್ರಯೋಗಾಲಯದಲ್ಲೆಲ್ಲ ಅವನಿಗೆ ಅದೇ ಹೆಸರು, ಬೆನ್ನ ಹಿಂದೆ ಮಾತ್ರ, ಎದುರಿಗೆ ಬಂದರೆ ಸರ್ ಸರ್ ಎಂದು ನೆಲಕ್ಕೆ ಬಾಗುತ್ತಾರೆ. ಒಂದೇ ಒಂದು ಹನಿ, ಹೇಗೆ ಬಡ್ಕೊಳ್ತಿದೆ ನೋಡಿ, ಎನ್ನುತ್ತಾನೆ, ಪರದೆಯ ಮೇಲೆ ನನ್ನ ಕೋಶ, ನಾನು ಸಾಕಿದ ಹೃದಯದ ಕೋಶ, ಔಷಧದ ಕಣ ಬಂದು ಪೊರೆಯ ಮೇಲೆ ಕಿವಿಯ ಹಾಗಿರುವ ಗ್ರಾಹಕಕ್ಕೆ ಅಂಟುತ್ತದೆ, ಸುದ್ದಿ ಒಳಗೆ ಹೋಗುತ್ತದೆ, ಎಳೆಗಳು ಬಿಗಿಯುತ್ತವೆ, ಕೋಶ ಮುದುಡುತ್ತದೆ, ಸಡಿಲಾಗುತ್ತದೆ, ಮೂವರೂ ತಲೆದೂಗುತ್ತಾರೆ, ತಲೆದೂಗುವುದಕ್ಕೇ ಸಂಬಳ ಇರಬೇಕು ಇವರಿಗೆ, ಮತ್ತೆ ಮತ್ತೆ ಹಾಕಿದರೆ ಏನಾಗುತ್ತದೆ ಎಂದು ಒಬ್ಬನಾದರೂ ಕೇಳಬಾರದೇ — ಹಾಕಿ ನೋಡಿದವಳು ನಾನು, ಪೊರೆ ಒಳಕ್ಕೆ ಮಡಚಿಕೊಂಡು ತನ್ನ ಗ್ರಾಹಕಗಳನ್ನು ತಾನೇ ನುಂಗಿತು, ಆಮೇಲೆ ಹೊರಗೆ ಎಷ್ಟು ಔಷಧ ಸುರಿದರೂ ಕೋಶ ಕಿವುಡು, ಮಿಸುಕಲಿಲ್ಲ. ಆ ಚಿತ್ರ ತೋರಿಸಿದಾಗ ದೊರೆ ಕನ್ನಡಕ ಒರೆಸಿಕೊಂಡ, ಇದೆಲ್ಲ ಈಗ ಯಾಕಮ್ಮ, ಬಂದವರ ತಲೆ ಕೆಡಿಸೋದು ಬೇಡ. ಬೇಡವಂತೆ. ಮನೆಯಲ್ಲಿ ಅಕ್ಕ ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ, ಮಲಗಿದರೆ ಉಸಿರು ಕಟ್ಟುತ್ತದೆ, ಅವಳ ಹೃದಯಕ್ಕೆ ರಕ್ತ ನೂಕುವ ಬಲವಿಲ್ಲ, ನಿಮ್ಮ ಔಷಧಿ ಯಾವಾಗ ಬರುತ್ತೆ ಕಣೇ, ಬೆಳಿಗ್ಗೆಯೂ ಕೇಳಿದಳು, ಚಪ್ಪಲಿ ಹುಡುಕುವವಳಂತೆ ಬಗ್ಗಿಬಿಟ್ಟೆ — ರೋಗಿಗಳ ಮೇಲೆ ಶುರು ಮಾಡ್ಬಹುದಲ್ವಾ ಸರ್, ಮೂವರಲ್ಲಿ ದಪ್ಪಗಿರುವವನು ಕೇಳುತ್ತಾನೆ, ಧಾರಾಳವಾಗಿ, ಎನ್ನುತ್ತಾನೆ ದೊರೆ, ಅಪ್ಪನ ಆಸ್ತಿ ಹಂಚುವವನ ಹಾಗೆ, ನಾನು ಎದ್ದು ನಿಂತಿದ್ದೇನೆ, ಕುರ್ಚಿ ಕಿರ್ರೆಂದಿತು, ಸರ್, ಎರಡನೇ ಚಿತ್ರ ಹಾಕ್ಲಿಲ್ಲ ನೀವು. ಕೂತ್ಕೊಳಮ್ಮ, ಆಮೇಲೆ ನೋಡೋಣ. ಈಗ್ಲೇ ನೋಡ್ಲಿ ಬಿಡಿ ಸರ್, ಅಷ್ಟು ದೂರದಿಂದ ಬಂದಿದ್ದಾರೆ — ನನ್ನ ಬೆರಳು ಗುಂಡಿ ಒತ್ತಿಯಾಯಿತು, ಪರದೆಯ ಮೇಲೆ ಕೋಶ, ಒಂದು ಹನಿ, ಇನ್ನೊಂದು, ಏನೂ ಇಲ್ಲ, ತೂಗುತ್ತಿದ್ದ ತಲೆಗಳು ನಿಂತವು, ಇದ್ಯಾಕೆ ಹೀಗೆ ಸರ್, ದಪ್ಪನೆಯವನ ದನಿಯಲ್ಲಿದ್ದ ಸಕ್ಕರೆ ಈಗ ಇಲ್ಲ, ಹೇಳು ದೊರೆಯೇ, ಬಾಯಿ ಬಿಡು, ಅದು, ಅದೇನಂದ್ರೆ, ಎನ್ನುತ್ತ ಲೇಸರ್ ಕಡ್ಡಿ ಎತ್ತುತ್ತಾನೆ, ಕೆಂಪು ಚುಕ್ಕೆ ಕೋಶದ ಅಂಚಿಗೆ ಬಂದು ನಿಲ್ಲಲಾರದೆ ನಡುಗುತ್ತದೆ, ಗೋಡೆಗೆ ಜಾರುತ್ತದೆ, ಮತ್ತೆ ಬರುತ್ತದೆ, ನಗಬೇಕು ನಾನು, ಇದಕ್ಕೇ ತಾನೇ ಕಾದದ್ದು, ನಗು ಬರುತ್ತಿಲ್ಲ, ಮನೆಗೆ ಹೋಗಿ ಅಕ್ಕನಿಗೆ ಏನಂತ — ಕೆಂಪು ಚುಕ್ಕೆ, ಮಿಸುಕದ ಕೋಶದ ಮೇಲೆ ನಡುಗುವ ಕೆಂಪು ಚುಕ್ಕೆ, ಕೆಂಪು ಚುಕ್ಕೆ —